ದುರ್ಗಮ ಹಾದಿಯ ವಾಹನಕ್ಕೆ ಡ್ರಾಯರ್ ಮತ್ತು ಫ್ರಿಜ್: ಜಾಗಕ್ಕಿಂತ ಮೊದಲು ತೂಕ

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಒದಗುವ ವಾಹನಗಳಲ್ಲಿ, ದೀರ್ಘ ಸಂಚಾರ ಹೊರಡುವವರು ಹಿಂಬದಿಯ ಸಾಮಾನಿನ ಜಾಗಕ್ಕೆ ಎಳೆಯುವ ಡ್ರಾಯರುಗಳನ್ನೂ 12 ವೋಲ್ಟ್ ವಿದ್ಯುತ್ತಿನ ಫ್ರಿಜ್ಜನ್ನೂ ಕೂರಿಸಿಕೊಳ್ಳುವುದು ಬಹುಕಾಲದ ರೂಢಿ. ಮರ್ರಿಯಿಂದ ಬರ್ಡ್ಸ್‌ವಿಲ್‌ವರೆಗಿನ 517 ಕಿಲೋಮೀಟರ್ ಮಣ್ಣುಹಾದಿಯಲ್ಲಾಗಲಿ, ಕಿಂಬರ್ಲಿ ಪ್ರಾಂತದ 660 ಕಿಲೋಮೀಟರ್ ಉದ್ದದ ಗಿಬ್ ರಿವರ್ ರಸ್ತೆಯಲ್ಲಾಗಲಿ ಅಂಗಡಿಗಳು ಅತಿ ವಿರಳವಾದ್ದರಿಂದ, ಹಲವು ದಿನಗಳ ಆಹಾರ ಮತ್ತು ನೀರು ವಾಹನದಲ್ಲೇ ಇರಬೇಕಾಗುತ್ತದೆ. ಸಿದ್ಧ ವ್ಯವಸ್ಥೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆಯಾದರೂ ಅವುಗಳ ಬೆಲೆ ಹೆಚ್ಚು, ಅಳತೆ ಬೇರೆಯವರದು; ಆದಕಾರಣ ಪ್ಲೈವುಡ್ಡಿನಲ್ಲಿ ತಾವೇ ಕಟ್ಟಿಕೊಳ್ಳುವವರ ಸಂಖ್ಯೆ ಸಣ್ಣದಲ್ಲ. ಟೊಯೊಟಾ ಪ್ರಾಡೊ ವಾಹನಕ್ಕೆ ಅಂತಹದೊಂದನ್ನು ಕಟ್ಟಿ, ಬಳಸಿ, ಬಿಚ್ಚಿ, ಮತ್ತೆ ಕಟ್ಟಿದ ಈ ಲೇಖಕನಿಗೆ ದಕ್ಕಿದ ತಿಳಿವೆಂದರೆ, ಇಡೀ ಕೆಲಸದಲ್ಲಿ ಮರಗೆಲಸದ ಪಾಲು ಕಿರಿದು, ತೂಕದ ಲೆಕ್ಕದ ಪಾಲು ಹಿರಿದು.

ತಯಾರಕರು ನಿಗದಿಪಡಿಸಿದ ಗರಿಷ್ಠ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನು ಕಳೆದಾಗ ಉಳಿಯುವ ಅಂತರಕ್ಕೆ ಪೇಲೋಡ್ ಎನ್ನುತ್ತಾರೆ. ಪ್ರಯಾಣಿಕರು, ನೀರು, ಹೆಚ್ಚುವರಿ ಇಂಧನ, ಮುಂಭಾಗದ ಬುಲ್‌ಬಾರ್ ಎಲ್ಲವೂ ಪಾಲು ಕೇಳುವುದು ಈ ಅಂತರದಲ್ಲೇ. ಮಾರುಕಟ್ಟೆಯ ಅವಳಿ ಡ್ರಾಯರುಗಳು ಬರಿದಾಗಿದ್ದಾಗಲೇ 60 ಕಿಲೋಗ್ರಾಂ ಮೀರುವುದುಂಟು. ಅಲ್ಲದೆ ತೂಕ ಎಷ್ಟೆಂಬುದರಷ್ಟೇ ಅದು ಎಲ್ಲಿ ಕೂರುತ್ತದೆಂಬುದೂ ಮುಖ್ಯ. ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವೆ 2790 ಮಿಲಿಮೀಟರ್ ಅಂತರವಿರುವ ವಾಹನದಲ್ಲಿ, ಹಿಂದಿನ ಆಕ್ಸೆಲ್‌ಗಿಂತ ಅರ್ಧ ಮೀಟರ್ ಹಿಂದಕ್ಕೆ 100 ಕಿಲೋಗ್ರಾಂ ಇಟ್ಟರೆ, ಸನ್ನೆಕೋಲಿನ ನಿಯಮದಂತೆ ಹಿಂದಿನ ಆಕ್ಸೆಲ್ ಮೇಲೆ ಬೀಳುವ ಹೊಸ ಭಾರ ಸುಮಾರು 118 ಕಿಲೋಗ್ರಾಂ ಆಗುತ್ತದೆ, ಮುಂದಿನ ಚಕ್ರಗಳು 18 ಕಿಲೋಗ್ರಾಂನಷ್ಟು ಹಗುರಾಗುತ್ತವೆ. ಮರಳಿನಲ್ಲಿ ಸ್ಟಿಯರಿಂಗ್ ಮಾತು ಕೇಳದಿರಲು ಇಂತಹ ಹಂಚಿಕೆಯೂ ಒಂದು ಕಾರಣ.

ಗಟ್ಟಿಯಾಗಿರಲೆಂದು ದಪ್ಪ ಹಲಗೆ ಆರಿಸುವುದು ಹೊಸಬರ ಸಹಜ ಒಲವು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ಹಾಳೆ ಸುಮಾರು 35 ಕಿಲೋಗ್ರಾಂ ತೂಗಿದರೆ, ಅದೇ ಜಾತಿಯ 12 ಮಿಲಿಮೀಟರ್ ಹಾಳೆ ಸುಮಾರು 23 ಕಿಲೋಗ್ರಾಂ ತೂಗುತ್ತದೆ. ಹಲಗೆಯ ಬಿಗಿತನವು ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ 18 ಮಿಲಿಮೀಟರ್ ಹಲಗೆ ಮೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿರುತ್ತದೆಂಬುದು ನಿಜ. ಆದರೆ ಸಮನಾಗಿ ಹರಡಿದ ಭಾರಕ್ಕೆ ಹಲಗೆ ಬಾಗುವ ಪ್ರಮಾಣವು ಆಧಾರಗಳ ನಡುವಣ ಅಂತರದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, ನಡುವೆ ಒಂದು ಅಡ್ಡಗೋಡೆ ನಿಲ್ಲಿಸಿ ಆ ಅಂತರವನ್ನು ಅರ್ಧಕ್ಕಿಳಿಸಿದರೆ ಬಾಗು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೇಗಿದ್ದರೂ ಡ್ರಾಯರಿಗೆ ಗೋಡೆ ಬೇಕೇ ಬೇಕಾದ್ದರಿಂದ, ಅದನ್ನು ಸರಿಯಾದ ಕಡೆ ನಿಲ್ಲಿಸಿ 12 ಮಿಲಿಮೀಟರ್ ಹಲಗೆಯನ್ನೇ ಬಳಸುವುದು ಜಾಣತನ. ಪೆಟ್ಟಿಗೆಯ ಮೇಲೆ ಅಂಟಿಸುವ ಕಾರ್ಪೆಟ್ ನೋಡಲು ಚೆಂದವಾದರೂ ಧೂಳನ್ನೂ ತೇವವನ್ನೂ ಹಿಡಿದಿಡುತ್ತದೆ. ಪಾಲಿಯುರೆಥೇನ್ ವಾರ್ನಿಷ್ ಬಳಿದ ಬರಿಮರ ಒರೆಸಿದರೆ ಸ್ವಚ್ಛ.

ಕೆಳಗೆ ಎರಡು ಡ್ರಾಯರು, ಅವುಗಳ ಮೇಲೆ ಜಾರುಹಳಿಯ ಫ್ರಿಜ್ಜು ಎಂಬ ವಿನ್ಯಾಸವು ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವಂಥದ್ದಾದರೂ ಅದರ ಕೀರ್ತಿ ಅರ್ಹತೆಗಿಂತ ದೊಡ್ಡದು. ವಾಹನದ ಹಿಂಬದಿಯ ನೆಲವೇ ರಸ್ತೆಯಿಂದ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿರುವಾಗ, ಅದರ ಮೇಲೆ 30 ಸೆಂಟಿಮೀಟರ್ ಡ್ರಾಯರು ಮತ್ತು 45 ಸೆಂಟಿಮೀಟರ್ ಫ್ರಿಜ್ಜು ಸೇರಿದರೆ ಮುಚ್ಚಳದ ಅಂಚು ಒಂದೂವರೆ ಮೀಟರ್ ದಾಟುತ್ತದೆ. ಮೇಲಿನಿಂದ ಬಗ್ಗಿ ನೋಡಬೇಕಾದ ಈ ಪೆಟ್ಟಿಗೆಯ ತಳದಲ್ಲಿರುವ ಮೊಸರಿನ ಡಬ್ಬಿ ಸಾಮಾನ್ಯ ಎತ್ತರದವರ ಕೈಗೆ ಎಟುಕುವುದಿಲ್ಲ. ಇದಕ್ಕೆ ಪರಿಹಾರವೆಂದು ಮಾರುವ, ಹೊರಬಂದ ಮೇಲೆ ಕೆಳಗಿಳಿಯುವ ಹಳಿಯು ತಾನೇ ಒಂದು ಚಿಕ್ಕ ಫ್ರಿಜ್ಜಿನಷ್ಟು ತೂಗುತ್ತದೆ. ಚಕ್ರಗಳ ಉಬ್ಬುಗಳ ನಡುವೆ ದೊರೆಯುವ ಸುಮಾರು ಒಂದು ಮೀಟರ್ ಅಗಲದಲ್ಲಿ ಒಂದು ಬದಿಗೆ ನೆಲದ ಮೇಲೆಯೇ ಫ್ರಿಜ್ಜನ್ನೂ ಮತ್ತೊಂದು ಬದಿಗೆ ಒಂದೇ ಡ್ರಾಯರನ್ನೂ ಇಡುವುದು ಹಗುರ, ಸುಲಭ, ಅಗ್ಗ, ಗುರುತ್ವಕೇಂದ್ರವೂ ಕೆಳಗಿರುತ್ತದೆ. ಜಾಗ ಕಡಿಮೆಯಾಯಿತೆನ್ನುವವರು ತಮ್ಮ ಎರಡನೆಯ ಡ್ರಾಯರಿನಲ್ಲಿ ಏನಿದೆಯೆಂದು ಒಮ್ಮೆ ಪಟ್ಟಿ ಮಾಡುವುದು ಒಳ್ಳೆಯದು.

ಎಲ್ಲಕ್ಕಿಂತ ಗಂಭೀರವಾದುದು ನೆಲಕ್ಕೆ ಬಿಗಿಯುವ ಕ್ರಮ. ತುಂಬಿದ ಫ್ರಿಜ್ಜು 40 ಕಿಲೋಗ್ರಾಂ ಇದ್ದು, ಗಂಟೆಗೆ 50 ಕಿಲೋಮೀಟರ್ ವೇಗದ ವಾಹನವು ಡಿಕ್ಕಿಯಲ್ಲಿ ಅರ್ಧ ಮೀಟರಿನೊಳಗೆ ನಿಂತಿತೆಂದರೆ, ಫ್ರಿಜ್ಜು ತನ್ನ ತೂಕದ ಸುಮಾರು ಇಪ್ಪತ್ತು ಪಟ್ಟು, ಅಂದರೆ ಸುಮಾರು 790 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಮುಂದಕ್ಕೆ ನುಗ್ಗುತ್ತದೆ, ಮತ್ತು ಮುಂದೆ ಕುಳಿತಿರುವುದು ಮನುಷ್ಯರು. 8.8 ದರ್ಜೆಯ 8 ಮಿಲಿಮೀಟರ್ ಬೋಲ್ಟ್ ಒಂದೇ ಎರಡು ಟನ್ನಿನಷ್ಟು ಎಳೆತವನ್ನು ಸಹಿಸಬಲ್ಲದು. ಸೋಲುವುದು ಅದನ್ನು ಹಿಡಿದಿರುವ ವಾಹನದ ನೆಲದ ತೆಳು ತಗಡು. ಹೀಗಾಗಿ ಮೂರನೆಯ ಸಾಲಿನ ಸೀಟುಗಳಿಗೆಂದು ತಯಾರಕರೇ ಬಲಪಡಿಸಿ ಬಿಟ್ಟಿರುವ ಬೋಲ್ಟ್ ತೂತುಗಳನ್ನು ಬಳಸುವುದು ಮೊದಲ ಆಯ್ಕೆಯಾಗಬೇಕು. ಹೊಸ ತೂತು ಅನಿವಾರ್ಯವಾದರೆ ತಗಡಿನ ಅಡಿಗೆ ಅಗಲವಾದ ಉಕ್ಕಿನ ಪಟ್ಟಿ ಕೊಡಬೇಕು, ಕೊರೆಯುವ ಮುನ್ನ ಕೆಳಗೆ ಇಂಧನದ ಟ್ಯಾಂಕಾಗಲಿ ಕೊಳವೆಯಾಗಲಿ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಡ್ರಾಯರಿನ ಮೇಲೆ ಇಡುವ ಸಾಮಾನಿಗೆ ಆಸ್ಟ್ರೇಲಿಯಾದಲ್ಲಿ ಎಎಸ್/ಎನ್‌ಜಡ್‌ಎಸ್ 4034 ಮಾನಕದ ಉಕ್ಕಿನ ಜಾಲರಿ ತಡೆಗಳು ದೊರೆಯುತ್ತವೆ.

ನಿಧಾನವಾಗಿ ಕೊಲ್ಲುವುದು ಕಂಪನ. ಮಣ್ಣುರಸ್ತೆಯಲ್ಲಿ ಚಕ್ರಗಳ ಪುಟಿತದಿಂದ ಅಡ್ಡಡ್ಡ ಮೂಡುವ ಅಲೆಸಾಲುಗಳನ್ನು ಅಲ್ಲಿನವರು ಕಾರುಗೇಷನ್ ಎನ್ನುತ್ತಾರೆ. ಅಲೆಗಳ ನಡುವೆ 70 ಸೆಂಟಿಮೀಟರ್ ಅಂತರವಿದ್ದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಪ್ರತಿ ಚಕ್ರಕ್ಕೂ ಒಂದೇ ಗಂಟೆಯಲ್ಲಿ 85 ಸಾವಿರಕ್ಕೂ ಹೆಚ್ಚು ಪೆಟ್ಟು ಬೀಳುತ್ತದೆ. ಪ್ಲೈವುಡ್ಡಿನ ಅಂಚಿಗೆ ಬಿಗಿದ ಸ್ಕ್ರೂಗಳು ಇಂತಹ ಹೊಡೆತಕ್ಕೆ ತಾವೇ ಕೊರೆದ ತೂತನ್ನು ಹಿಗ್ಗಿಸಿಕೊಂಡು ಸಡಿಲಾಗುವುದರಿಂದ, ಕೀಲುಗಳ ಬಲವನ್ನು ಅಂಟಿಗೂ ಆರಪಾರಾಗಿ ಹಾಯುವ ಬೋಲ್ಟಿಗೂ ಒಪ್ಪಿಸಿ, ಒಳಗೆ ನೈಲಾನ್ ಉಂಗುರವಿದ್ದು ಅದುರಿಗೆ ಬಿಚ್ಚಿಕೊಳ್ಳದ ನೈಲಾಕ್ ನಟ್ಟುಗಳನ್ನು ಬಳಸಬೇಕು. ಡ್ರಾಯರಿನ ಚಾನೆಲ್ ತೆರೆದಾಗಲೂ ಮುಚ್ಚಿದಾಗಲೂ ಬೀಗ ಹಾಕಿಕೊಳ್ಳುವಂಥದ್ದಾಗಿರಬೇಕು; ಇಲ್ಲವಾದರೆ ಇಳಿಜಾರಿನಲ್ಲಿ ನಿಲ್ಲಿಸಿದಾಗ ತುಂಬಿದ ಡ್ರಾಯರು ಬೆರಳು ಜಜ್ಜುತ್ತದೆ. ಚಾನೆಲ್ಲಿನ ಗುಂಡುಗಳಿಗೆ ಗ್ರೀಸ್ ಹಚ್ಚಿದರೆ ಅದು ಧೂಳಿನೊಡನೆ ಬೆರೆತು ಸವೆಸುವ ಹಿಟ್ಟಾಗುತ್ತದೆ, ಒಣ ಲೂಬ್ರಿಕೆಂಟ್ ಲೇಸು.

ವಿದ್ಯುತ್ತಿನ ಮಾತು ಚುಟುಕಾಗಿ ಮುಗಿಯುವಂಥದ್ದು. 40 ಲೀಟರ್ ಫ್ರಿಜ್ಜು ತಂಪು ತಿಂಗಳುಗಳಲ್ಲಿ ದಿನಕ್ಕೆ ಸುಮಾರು 30 ಆಂಪಿಯರ್-ಅವರ್ ಬಳಸುತ್ತದೆ. ಅರ್ಧದಷ್ಟನ್ನೇ ಖರ್ಚುಮಾಡಬಹುದಾದ 100 ಆಂಪಿಯರ್-ಅವರ್ ಸೀಸದ ಬ್ಯಾಟರಿ ಅದಕ್ಕೆ ಒಂದೂವರೆ ದಿನದ ಮೇವು. ಎಂಜಿನ್ ಬಳಿಯ ಬ್ಯಾಟರಿಯಿಂದ ಐದು ಮೀಟರ್ ಹಿಂದಕ್ಕೆ ಬರುವ ತಾಮ್ರದ ತಂತಿ 2.5 ಚದರ ಮಿಲಿಮೀಟರ್ ಇದ್ದರೆ 5 ಆಂಪಿಯರ್ ಹರಿವಿಗೆ 0.35 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 6 ಚದರ ಮಿಲಿಮೀಟರ್ ಇದ್ದರೆ 0.15 ಮಾತ್ರ. ಬ್ಯಾಟರಿ ಚೆನ್ನಾಗಿದ್ದರೂ ಫ್ರಿಜ್ಜು ತಾನೇ ನಿಂತುಬಿಡುವ ತೊಂದರೆಯ ಮೂಲ ಹಲವು ಬಾರಿ ಈ ಸಣಕಲು ತಂತಿ. ಫ್ಯೂಸ್ ಇರಬೇಕಾದ ಜಾಗ ಬ್ಯಾಟರಿಯ ಪಕ್ಕ. ಫ್ರಿಜ್ಜಿನ ಗಾಳಿಕಿಂಡಿಯ ಸುತ್ತ ಕನಿಷ್ಠ ಐದು ಸೆಂಟಿಮೀಟರ್ ತೆರವಿರಬೇಕು.

ಕರ್ನಾಟಕದಲ್ಲಿ ಥಾರ್, ಜಿಮ್ನಿ, ಗೂರ್ಖಾ ವಾಹನಗಳಿಗೆ ಇಂತಹ ಪೆಟ್ಟಿಗೆ ಕಟ್ಟಿಸುವವರು ಮಲೆನಾಡಿನ ತೇವವನ್ನು ನೆನೆದು ಐಎಸ್ 303ರ ಸಾಮಾನ್ಯ ಪ್ಲೈವುಡ್ಡಿಗಿಂತ ಐಎಸ್ 710ರ ಮರೀನ್ ಪ್ಲೈವುಡ್ ಆರಿಸುವುದು ಲೇಸು, ಮತ್ತು ಬಡಗಿ ವಾರ್ಡ್‌ರೋಬಿಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ಲನ್ನೇ ಇಲ್ಲಿಗೂ ಸೂಚಿಸಿದರೆ ಒಪ್ಪಬಾರದು. ಮರ ಕೊಯ್ಯುವ ಮುನ್ನ ಮನೆಮಂದಿ, ತುಂಬಿದ ಟ್ಯಾಂಕು, ಪ್ರವಾಸದ ಸಾಮಾನು ಸಮೇತ ಹೆದ್ದಾರಿಯ ಯಾವುದಾದರೂ ವೇಬ್ರಿಡ್ಜಿನಲ್ಲಿ ವಾಹನವನ್ನು ತೂಗಿಸಿ, ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ಭಾರವನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ತಯಾರಕರ ಮಿತಿಗೂ ಆ ಅಂಕಿಗೂ ನಡುವೆ 60 ಕಿಲೋಗ್ರಾಂ ಉಳಿದಿಲ್ಲವಾದರೆ ಡ್ರಾಯರಿನ ಯೋಚನೆ ಬಿಟ್ಟು ಎರಡು ಪ್ಲಾಸ್ಟಿಕ್ ಪೆಟ್ಟಿಗೆ ಮತ್ತು ಬಿಗಿಯುವ ಪಟ್ಟಿಗಳನ್ನು ಕೊಳ್ಳಿ.