ಶ್ವಾಸಕೋಶದೊಳಗಣ ತೆಳು ಗೋಡೆ

ಜ್ವರವು ಇಳಿದು, ಇನ್ನು ಗುಣವಾಯಿತೆಂದು ಮನೆಯವರು ಧೈರ್ಯ ತಂದುಕೊಂಡ ಮೇಲೆ, ಏಳನೆಯ ಎಂಟನೆಯ ದಿನದಲ್ಲಿ ರೋಗಿಗೆ ಉಸಿರು ಸಾಲದೆ ಹೋದದ್ದನ್ನು ೨೦೨೦ ಮತ್ತು ೨೦೨೧ನೆಯ ಇಸವಿಗಳ ಕೊರೋನಾ ಕಾಲದಲ್ಲಿ ಅನೇಕ ಊರುಗಳವರು ಕಂಡರು. ವೈದ್ಯನ ಮದ್ದಿನಲ್ಲಿ ದೋಷವಿತ್ತೋ, ಯಾರಾದರೂ ಮಾಟ ಮಾಡಿಸಿದರೋ ಎಂದು ಕೇಳಿದವರೂ ಉಂಟು. ಪ್ರಿಯ ಓದುಗರೇ, ಇದರ ಉತ್ತರವು ಶ್ವಾಸಕೋಶದ ಒಳಗಿರುವ ಒಂದು ತೆಳು ಗೋಡೆಯಲ್ಲಿ ದೊರೆಯುತ್ತದೆ. ಆ ಗೋಡೆಯ ಸಂಗತಿಯನ್ನು ನಾವು ಈ ಪಾಠದಲ್ಲಿ ವಿಚಾರಿಸೋಣ.

ಎದೆಯೊಳಗಣ ಎರಡು ಶ್ವಾಸಕೋಶಗಳು (ಇವುಗಳಿಗೆ ಪುಪ್ಪುಸಗಳೆಂದೂ ಹೆಸರುಂಟು) ಬರಿದಾದ ಎರಡು ಚೀಲಗಳಲ್ಲ. ಗಂಟಲಿನಿಂದ ಇಳಿಯುವ ಗಾಳಿನಾಳವು ಮರದಂತೆ ಕವಲೊಡೆಯುತ್ತಾ ಹೋಗಿ ಕಡೆಗೆ ಅತಿ ಸಣ್ಣ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಬೆಳೆದ ಮನುಷ್ಯನಲ್ಲಿ ಇಂಥ ಗೂಡುಗಳು ಹೆಚ್ಚುಕಡಿಮೆ ೪೮ ಕೋಟಿ ಇರುತ್ತವೆಂದು ಪಂಡಿತರು ಎಣಿಸಿದ್ದಾರೆ. ಒಂದೊಂದರ ಅಗಲವು ಮಿಲಿಮೀಟರಿನ ಐದರಲ್ಲಿ ಒಂದು ಪಾಲು ಮಾತ್ರ. ಆದರೂ ಎಲ್ಲವನ್ನೂ ಬಿಡಿಸಿ ನೆಲಕ್ಕೆ ಹಾಸಿದರೆ ಒಂದು ಮನೆಯ ನೆಲವನ್ನೇ ಮುಚ್ಚುವಷ್ಟು ಆಗುವವು. ಗೂಡಿನ ಒಳಗೆ ಗಾಳಿ, ಹೊರಗೆ ರಕ್ತ. ನಡುವೆ ಇರುವ ಗೋಡೆಯು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು, ಕೆಲವು ಕಡೆಗಳಲ್ಲಿ ಅದಕ್ಕಿಂತಲೂ ತೆಳುವು. ಇಷ್ಟು ತೆಳುವಾಗಿರುವದರಿಂದಲೇ ಪ್ರಾಣವಾಯುವು ಕ್ಷಣಮಾತ್ರದಲ್ಲಿ ರಕ್ತಕ್ಕೆ ದಾಟುತ್ತದೆ.

ಈ ಗೋಡೆಯ ಒಳಮೈಯಲ್ಲಿ ಎರಡು ಜಾತಿಯ ಜೀವಕಣಗಳಿರುತ್ತವೆ. ಒಂದು ಜಾತಿಯವು ಚಪ್ಪಟೆಯಾಗಿ ಹಾಸಿಕೊಂಡು ಗೂಡಿನ ನೂರರಲ್ಲಿ ೯೫ ಪಾಲನ್ನು ಮುಚ್ಚುತ್ತವೆ. ಎರಡನೆಯವು ದುಂಡಗಿದ್ದು ಒಂದು ತರದ ಜಿಡ್ಡುರಸವನ್ನು ಸುರಿಸುತ್ತವೆ. ಆ ರಸವಿಲ್ಲದಿದ್ದರೆ, ಒದ್ದೆಯಾದ ಎರಡು ಬಾಳೆಲೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಉಸಿರು ಬಿಟ್ಟಾಗಲೆಲ್ಲಾ ಗೂಡುಗಳು ಮುಚ್ಚಿಹೋಗುತ್ತಿದ್ದವು. ಇದಲ್ಲದೆ ಚಪ್ಪಟೆ ಕಣಗಳು ಸತ್ತಾಗ ದುಂಡು ಕಣಗಳೇ ಹೆಚ್ಚಿ ಅವುಗಳ ಸ್ಥಳವನ್ನು ತುಂಬುತ್ತವೆ. ಹೀಗೆ ಇವು ಗೋಡೆಗೆ ಸುಣ್ಣ ಬಳಿಯುವವರೂ ಹೌದು, ಬಿದ್ದ ಗೋಡೆಯನ್ನು ಕಟ್ಟುವವರೂ ಹೌದು.

ಇನ್‌ಫ್ಲುಯೆಂಜಾ, ಕೊರೋನಾ ಮೊದಲಾದ ರೋಗಗಳ ವೈರಸ್ಸು ಹೆಚ್ಚಾಗಿ ಮೂಗು ಗಂಟಲುಗಳಲ್ಲಿಯೇ ನಿಲ್ಲುವದು. ಆಗ ನೆಗಡಿ, ಜ್ವರ, ಮೈನೋವುಗಳಾಗಿ ವಾಸಿಯಾಗುವದು. ಕೆಲವರಲ್ಲಿ ಅದು ಕೆಳಗಿಳಿದು ಗಾಳಿಗೂಡನ್ನು ಸೇರುತ್ತದೆ. ಕೊರೋನಾ ವೈರಸ್ಸು ವಿಶೇಷವಾಗಿ ಆ ದುಂಡು ಕಣಗಳನ್ನೇ ಹೊಕ್ಕು, ತನ್ನಂಥವುಗಳನ್ನು ಹೆಚ್ಚಿಸಿಕೊಂಡು, ಅವುಗಳನ್ನು ಕೊಲ್ಲುತ್ತದೆ. ಬಳಿಯುವವನೂ ಕಟ್ಟುವವನೂ ಒಟ್ಟಿಗೆ ಸತ್ತ ಮನೆಯ ಗತಿಯನ್ನು ನೀವೇ ಊಹಿಸಿಕೊಳ್ಳಿರಿ.

ಆದರೆ ಹಾನಿಯೆಲ್ಲವನ್ನೂ ವೈರಸ್ಸೇ ಮಾಡುವದಿಲ್ಲವೆಂಬದು ಮುಖ್ಯವಾದ ಮಾತು. ಶತ್ರುವು ಬಂದನೆಂಬ ಸುದ್ದಿ ತಿಳಿದ ಕೂಡಲೇ ರಕ್ತದಲ್ಲಿರುವ ಬಿಳಿಯ ಕಣಗಳು ದಂಡಿನಂತೆ ಅಲ್ಲಿಗೆ ನುಗ್ಗುತ್ತವೆ. ಅವು ಚೆಲ್ಲುವ ತೀಕ್ಷ್ಣವಾದ ರಸಗಳು ಶತ್ರುವನ್ನೂ ಸುಡುತ್ತವೆ, ಸ್ವಂತ ಗೋಡೆಯನ್ನೂ ಸುಡುತ್ತವೆ. ಅನೇಕರಲ್ಲಿ ಈ ಕಾಳಗವು ಮಿತಿಯಲ್ಲಿಯೇ ಮುಗಿಯುವದು. ಮಿತಿ ಮೀರಿದವರಲ್ಲಿ, ವೈರಸ್ಸು ಕಡಿಮೆಯಾದ ಮೇಲೆಯೂ ದಂಡು ನಿಲ್ಲದೆ ಕಾದಾಡುತ್ತಿರುತ್ತದೆ. ಜ್ವರ ಇಳಿದ ಬಳಿಕ, ಎರಡನೆಯ ವಾರದ ಹೊತ್ತಿಗೆ, ಕೆಲವರು ಕೆಡುವದಕ್ಕೆ ಇದು ದೊಡ್ಡ ಕಾರಣ.

ಗೋಡೆಯು ಬಿರುಕುಬಿಟ್ಟಾಗ ರಕ್ತದ ನೀರೂ ಅದರಲ್ಲಿರುವ ಸಾರವೂ ಗಾಳಿಗೂಡಿನೊಳಕ್ಕೆ ಸೋರುತ್ತವೆ. ಆ ಸಾರವು ಸತ್ತ ಕಣಗಳೊಂದಿಗೆ ಕಲೆತು, ಆರಿದ ಗಂಜಿಯ ಮೇಲೆ ಪೊರೆ ಕಟ್ಟುವ ಹಾಗೆ, ಗೂಡಿನ ಒಳಮೈಗೆ ಗಾಜಿನಂಥ ಒಂದು ಪೊರೆಯಾಗಿ ಅಂಟುತ್ತದೆ. ಜಿಡ್ಡುರಸವೂ ಇಲ್ಲದ್ದರಿಂದ ಗೂಡುಗಳು ಕೆಲವು ತುಂಬಿಹೋಗಿ, ಕೆಲವು ಮುದುಡಿಹೋಗುತ್ತವೆ. ಆಗ ರಕ್ತವು ಸಂತೆಗೆ ಹೋದ ಬಂಡಿಯು ಅಂಗಡಿ ಮುಚ್ಚಿದ್ದನ್ನು ಕಂಡು ಬರಿದಾಗಿ ಮರಳುವಂತೆ, ಪ್ರಾಣವಾಯುವನ್ನು ಪಡೆಯದೆ ಹಿಂದಿರುಗುತ್ತದೆ. ಕೊರೋನಾದಲ್ಲಿ ಇನ್ನೊಂದು ಕೇಡೂ ಇತ್ತು. ೨೦೨೦ರಲ್ಲಿ ಆ ರೋಗದಿಂದ ಸತ್ತ ಏಳು ಮಂದಿಯ ಶ್ವಾಸಕೋಶಗಳನ್ನು ಇನ್‌ಫ್ಲುಯೆಂಜಾದಿಂದ ಸತ್ತ ಏಳು ಮಂದಿಯವುಗಳೊಡನೆ ಹೋಲಿಸಿ ನೋಡಿದಾಗ, ಗೂಡುಗಳ ಸುತ್ತಲಿರುವ ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದು ಒಂಬತ್ತು ಪಾಲು ಹೆಚ್ಚಾಗಿ ಕಂಡಿತು.

ಸತ್ತವರ ಶ್ವಾಸಕೋಶದಿಂದ ಬದುಕಿರುವವರಿಗೆ ತಿಳಿವಳಿಕೆ ದೊರೆತ ಒಂದು ವೃತ್ತಾಂತವನ್ನು ಇಲ್ಲಿ ಹೇಳಬೇಕು. ಅಮೇರಿಕದ ಉತ್ತರಕ್ಕಿರುವ ಅಲಾಸ್ಕ ಸೀಮೆಯಲ್ಲಿ, ಸಮುದ್ರತೀರದಲ್ಲಿ, ಈಗ ಬ್ರೆವಿಗ್ ಮಿಶನ್ ಎಂದು ಕರೆಯಲ್ಪಡುವ ಲೂಥರನ್ ಸಭೆಯ ಒಂದು ಹಳ್ಳಿಯುಂಟು. ೧೯೧೮ನೆಯ ನವೆಂಬರದಲ್ಲಿ ಇನ್‌ಫ್ಲುಯೆಂಜಾ ಅಲ್ಲಿಗೆ ಮುಟ್ಟಿ, ಐದಾರು ದಿನಗಳೊಳಗೆ ೮೦ ಮಂದಿ ದೊಡ್ಡವರಲ್ಲಿ ೭೨ ಮಂದಿ ಸತ್ತರು. ಎಂದೂ ಕರಗದ ಹಿಮದ ನೆಲದಲ್ಲಿ ಅವರನ್ನು ಒಂದೇ ಕುಳಿಯಲ್ಲಿ ಹೂಣಿಟ್ಟರು. ೧೯೫೧ರಲ್ಲಿ ಯೋಹಾನ್ ಹುಲ್ಟಿನ್ ಎಂಬ ಸ್ವೀಡನ್ ದೇಶದ ವಿದ್ಯಾರ್ಥಿಯು ಊರಿನವರ ಅಪ್ಪಣೆ ಪಡೆದು ಸಮಾಧಿಯನ್ನು ತೆರೆದು ಶ್ವಾಸಕೋಶದ ತುಣುಕುಗಳನ್ನು ಒಯ್ದನು. ಆದರೆ ವೈರಸ್ಸನ್ನು ಬೆಳೆಸಲಾರದೆ ಹೋದನು. ೪೬ ವರುಷಗಳ ಮೇಲೆ, ೧೯೯೭ರಲ್ಲಿ, ತನ್ನ ೭೨ನೆಯ ಪ್ರಾಯದಲ್ಲಿ ಅವನು ಪುನಃ ಅಲ್ಲಿಗೆ ಹೋದನು. ಒಬ್ಬ ಸ್ತ್ರೀಯ ದೇಹವು ದಪ್ಪ ಕೊಬ್ಬಿನ ಕಾಪಿನಿಂದ ಕೊಳೆಯದೆ ಉಳಿದಿತ್ತು. ಅವಳ ಶ್ವಾಸಕೋಶದಿಂದಲೂ ಆ ಕಾಲದ ಸಿಪಾಯಿಗಳ ಶ್ವಾಸಕೋಶಗಳ ಕಾಪಾಡಿಟ್ಟ ತುಣುಕುಗಳಿಂದಲೂ ಟಾಬೆನ್‌ಬರ್ಗರ್ ಎಂಬ ವೈದ್ಯನೂ ಸಂಗಡಿಗರೂ ಆ ವೈರಸ್ಸಿನ ಪೂರ್ಣ ರಚನೆಯನ್ನು ೨೦೦೫ರೊಳಗೆ ಓದಿ ಮುಗಿಸಿದರು. ಸಮಾಧಿಯ ಮೇಲಿದ್ದ ಹಳೆಯ ಶಿಲುಬೆಗಳು ಹೋಗಿದ್ದದ್ದರಿಂದ ಹುಲ್ಟಿನನು ಹೊಸ ಎರಡು ಶಿಲುಬೆಗಳನ್ನು ತಾನೇ ಮಾಡಿ ನಿಲ್ಲಿಸಿದನೆಂಬದು ನಮ್ಮ ಮನಸ್ಸಿಗೆ ಹಿಡಿದ ಸಂಗತಿ.

ಆ ಕಾಲದ ಶ್ವಾಸಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮತ್ತೊಂದು ವಿಷಯವೂ ತಿಳಿದುಬಂತು. ವೈರಸ್ಸು ಗಾಳಿನಾಳದ ಒಳಪೊರೆಯನ್ನು ಸುಲಿದುಹಾಕಿದ ಮೇಲೆ, ಮೂಗು ಗಂಟಲುಗಳಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಗಳು ಕೆಳಗಿಳಿದು ನ್ಯುಮೋನಿಯ ಮಾಡಿದ್ದವು. ೧೯೧೮ರ ಮರಣಗಳಲ್ಲಿ ಬಹುಪಾಲು ಹೀಗೆ ಆದವು. ಆಗ ಪೆನಿಸಿಲಿನ್ ಇನ್ನೂ ಇರಲಿಲ್ಲ. ಈ ಕಾಲದಲ್ಲಿ ಅಂಥ ಮದ್ದುಗಳಿರುವದರಿಂದ ಎರಡನೆಯ ಸಾರಿ ಬರುವ ಜ್ವರವನ್ನು ಅಲಕ್ಷ್ಯ ಮಾಡಬಾರದು. ಆದರೆ ಆ ಮದ್ದು ವೈರಸ್ಸನ್ನು ಮುಟ್ಟಲಾರದು.

ಸುಟ್ಟ ಗೋಡೆಯನ್ನು ಒಂದೇ ದಿನದಲ್ಲಿ ಕಟ್ಟುವ ಮದ್ದಿಲ್ಲ. ಗೋಡೆಯು ತಾನೇ ಬೆಳೆಯುವ ತನಕ ರೋಗಿಯನ್ನು ಬದುಕಿಸಿಡುವದೇ ಆಸ್ಪತ್ರೆಯವರ ಕೆಲಸ. ಅದಕ್ಕಾಗಿ ಆಮ್ಲಜನಕವನ್ನು ಕೊಡುತ್ತಾರೆ. ಬಹಳ ಕೆಟ್ಟವರನ್ನು ಯಂತ್ರದ ಉಸಿರಿನಲ್ಲಿಟ್ಟು, ದಿನಕ್ಕೆ ಹದಿನಾರು ತಾಸು ಬೋರಲಾಗಿ ಮಲಗಿಸುತ್ತಾರೆ. ಯಾಕಂದರೆ ಅಂಗಾತ ಮಲಗಿದಾಗ ಭಾರಕ್ಕೆ ಅಮುಕಿಹೋಗುವ ಬೆನ್ನಿನ ಕಡೆಯ ಗೂಡುಗಳು ಆಗ ಬಿಚ್ಚಿಕೊಳ್ಳುತ್ತವೆ. ೨೦೧೩ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ಅಂಗಾತ ಮಲಗಿದ್ದವರಲ್ಲಿ ನೂರಕ್ಕೆ ೩೩ ಮಂದಿ ೨೮ ದಿನಗಳೊಳಗೆ ಸತ್ತರೆ, ಬೋರಲು ಮಲಗಿಸಿದವರಲ್ಲಿ ೧೬ ಮಂದಿ ಮಾತ್ರ ಸತ್ತರು.

ದಂಡನ್ನು ಅಡಗಿಸುವ ಡೆಕ್ಸಾಮೆಥಸೋನ್ ಎಂಬ ಅಗ್ಗದ ಮದ್ದೂ ಉಂಟು. ೨೦೨೦ರಲ್ಲಿ ಬ್ರಿಟನಿನಲ್ಲಿ ಕೊರೋನಾ ರೋಗಿಗಳಿಗೆ ಕೊಟ್ಟು ನೋಡಿದಾಗ, ಯಂತ್ರದ ಉಸಿರಿನಲ್ಲಿದ್ದವರ ಮರಣವು ನೂರಕ್ಕೆ ೪೧ರಿಂದ ೨೯ಕ್ಕೆ ಇಳಿಯಿತು. ಆಮ್ಲಜನಕವೇ ಬೇಡದಿದ್ದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಹೀಗಿರಲಾಗಿ ಜ್ವರ ಬಂದ ಎರಡನೆಯ ದಿನವೇ ಅಂಗಡಿಯಿಂದ ಈ ಮಾತ್ರೆಯನ್ನು ತಂದು ನುಂಗುವವರು ಶತ್ರುವು ಇನ್ನೂ ಬಾಗಿಲಲ್ಲಿರುವಾಗಲೇ ತಮ್ಮ ಕಾವಲುಗಾರರನ್ನು ಕಟ್ಟಿಹಾಕುತ್ತಾರೆ. ೨೦೨೧ರಲ್ಲಿ ಸಿಹಿಮೂತ್ರದ ರೋಗವಿದ್ದು ಇಂಥ ಮದ್ದುಗಳನ್ನು ತೆಗೆದುಕೊಂಡ ಅನೇಕರು ಕಪ್ಪು ಶಿಲೀಂಧ್ರದ ರೋಗಕ್ಕೆ ಗುರಿಯಾಗಿ ಕಣ್ಣು ಕಳೆದುಕೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ತಾಯಂದಿರೂ ಅಕ್ಕಂದಿರೂ ಉಸಿರನ್ನು ಎಣಿಸಲು ಕಲಿತರೆ ದೊಡ್ಡ ಉಪಕಾರವಾಗುವದು. ರೋಗಿಯು ಸುಮ್ಮನೆ ಮಲಗಿರುವಾಗ ಒಂದು ನಿಮಿಷ ಪೂರ್ತಿ ಎಣಿಸಬೇಕು. ದೊಡ್ಡವರಲ್ಲಿ ೨೪ ಮುಟ್ಟಿದರೆ ವೈದ್ಯನ ಬಳಿಗೆ, ೩೦ ದಾಟಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಕೂಸುಗಳ ಉಸಿರು ಸಹಜವಾಗಿಯೇ ವೇಗವಾದದ್ದು: ಎರಡು ತಿಂಗಳೊಳಗಿನ ಕೂಸಿಗೆ ೬೦, ವರುಷ ತುಂಬದ ಕೂಸಿಗೆ ೫೦, ಐದು ವರುಷದೊಳಗಿನ ಮಗುವಿಗೆ ೪೦ ಮುಟ್ಟಿದರೆ ಅಪಾಯವೆಂದು ತಿಳಿಯಬೇಕು. ಬೆರಳಿಗೆ ಸಿಕ್ಕಿಸುವ ಸಣ್ಣ ಯಂತ್ರವು ದೊರೆತರೆ, ೯೪ಕ್ಕಿಂತ ಕೆಳಗೆ ತೋರಿಸಿದಾಗ ಕಾಯಬಾರದು. ರೋಗಿಯು “ನನಗೇನೂ ಆಗಿಲ್ಲ” ಎಂದು ಹೇಳುತ್ತಾ ಊಟ ಮಾಡುತ್ತಿರುವಾಗಲೇ ರಕ್ತದಲ್ಲಿ ಪ್ರಾಣವಾಯುವು ಬಹಳ ಕಡಿಮೆಯಾಗಿರುವದುಂಟು. ಕೊರೋನಾದಲ್ಲಿ ಇದು ಅನೇಕರನ್ನು ಮೋಸಗೊಳಿಸಿತು. ತುಟಿಗಳು ನೀಲಿಯಾಗುವದು, ಮಾತು ತೊದಲುವದು, ಎಬ್ಬಿಸಿದರೆ ಏಳದಿರುವದು, ಇವು ಬಹಳ ತಡವಾಗಿ ಬರುವ ಗುರುತುಗಳು.

ಬದುಕಿ ಮನೆಗೆ ಬಂದವರ ಗೋಡೆಯು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ, ದುರಸ್ತಿಯಾಗುತ್ತಲೇ ಇರುತ್ತದೆ. ಉಳಿದ ದುಂಡು ಕಣಗಳು ಹೆಚ್ಚಿ ಹೊಸ ಹಾಸನ್ನು ಹಾಸುತ್ತವೆ, ಪೊರೆಯು ಕರಗುತ್ತದೆ, ನೀರು ಹಿಂಗುತ್ತದೆ. ಅನೇಕರಿಗೆ ಉಸಿರು ಮೊದಲಿನಂತೆ ಆಗುವದು. ಕೆಲವರಲ್ಲಿ ಮಾತ್ರ ಮೃದುವಾದ ಗೋಡೆಯ ಬದಲಿಗೆ, ಗಾಯ ಮಾಗಿದ ಕಲೆಯಂಥ ಗಟ್ಟಿ ನಾರು ಬೆಳೆದು ಶ್ವಾಸಕೋಶವು ಬಿಗಿಯಾಗುತ್ತದೆ. ಇಂಥವನು ನೇಗಿಲ ಹಿಂದೆ ನಾಲ್ಕು ಸಾಲು ನಡೆಯುವದರೊಳಗೆ ಏದುಸಿರು ಬಿಟ್ಟರೆ ಅವನನ್ನು ಸೋಮಾರಿಯೆನ್ನಬೇಡಿರಿ. ಮೂರು ತಿಂಗಳಾದ ಮೇಲೆಯೂ ಏದುಸಿರು ಹೋಗದಿದ್ದರೆ ಎದೆಯ ಚಿತ್ರವನ್ನು ತೆಗೆಸಿ ವೈದ್ಯರಿಗೆ ತೋರಿಸಬೇಕು. ಬೀಡಿ ಸೇದುವವನಾದರೆ ಅದನ್ನು ಬಿಡಬೇಕು. ದಿನಕ್ಕಿಷ್ಟು ದೂರವೆಂದು ಮೆಲ್ಲಗೆ ನಡೆದು, ವಾರ ವಾರಕ್ಕೆ ಸ್ವಲ್ಪ ಹೆಚ್ಚಿಸುತ್ತಾ ಹೋಗಬೇಕು.