ಬಿಸಿ ಕುಂದಿದ ಹಿಡಿ: ಅನ್ವಯ ವ್ಯತಿರೇಕಗಳ ಒಂದು ಪಾಠ

ತರ್ಕಶಾಸ್ತ್ರದ ಪರಿಚಯದಿಂದ ಈ ಕಾಲದ ಮಕ್ಕಳಿಗೆ ಪ್ರಯೋಜನವೇನು ಎಂದು ಪೋಷಕರು ಆಗಾಗ ನನ್ನನ್ನು ಕೇಳುವುದುಂಟು. ಸಾಮಾನ್ಯವಾಗಿ ನಾನು ನಕ್ಕು ಸುಮ್ಮನಾಗುತ್ತೇನೆ. ಆದರೆ ಕಳೆದ ಮಾಘಮಾಸದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಕೆನಡಾ ದೇಶದ ಮಾನಿಟೋಬಾ ಪ್ರಾಂತದಿಂದ ಒಂದು ಪತ್ರ ಬರೆದಿದ್ದಾನೆ. ಅದರಲ್ಲಿನ ವಿಷಯ ವ್ಯಾಕರಣವಲ್ಲ, ಕಾವ್ಯವಲ್ಲ. ಅವನ ಹಿಮವಾಹನದ ಹಿಡಿ ಬಿಸಿಯಾಗದಿದ್ದ ಕಥೆ. ಆ ಪತ್ರವನ್ನೇ ಆಧಾರವಾಗಿಟ್ಟುಕೊಂಡು, ವಿಜ್ಞಾನದ ಅಧ್ಯಾಪಕ ಮಿತ್ರರ ನೆರವಿನಿಂದ ಈ ಪಾಠವನ್ನು ಬರೆದಿದ್ದೇನೆ.

ಹಿಮವಾಹನವೆಂದರೇನೆಂದು ಚನ್ನರಾಯನದುರ್ಗದ ನಮಗೆ ಮೊದಲು ಹೇಳಬೇಕಾಗುತ್ತದೆ. ಮುಂದೆ ಚಕ್ರಗಳ ಬದಲು ಎರಡು ಜಾರುಪಟ್ಟಿಗಳು, ಹಿಂದೆ ಎಂಜಿನ್ನಿನಿಂದ ಸುತ್ತುವ ಅಗಲವಾದ ರಬ್ಬರಿನ ಪಟ್ಟೆ, ನಡುವೆ ಮೋಟಾರ್ ಸೈಕಲ್ಲಿನಂತಹ ಆಸನ ಮತ್ತು ಹಿಡಿ. ಕಾಶ್ಮೀರದ ಗುಲ್ಮಾರ್ಗದಲ್ಲಿ ಇದನ್ನು ಸ್ನೋ ಸ್ಕೂಟರ್ ಎನ್ನುತ್ತಾರೆ. ಒಬ್ಬಿಬ್ಬರು ಕುಳಿತು ಸಾಗುವ ಹಗುರವಾದ ಹಿಮವಾಹನವನ್ನು ಮನೆಮಾತಾಗಿಸಿದವನು ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೋರ್ಟ್ ಎಂಬ ಊರಿನ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೆ. ಅವನ ಸ್ಕೀ ಡೂ ವಾಹನ 1959ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಕಾಲು ಶತಮಾನದ ಹಿಂದೆ, 1934ರ ಚಳಿಗಾಲದಲ್ಲಿ, ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಅವನ ಎರಡು ವರ್ಷದ ಮಗ ತೀರಿಹೋಗಿದ್ದನು.

ಈ ವಾಹನದ ವೇಗವನ್ನು ಹೆಚ್ಚಿಸುವ ಸನ್ನೆ ಇರುವುದು ಬಲಗೈ ಹೆಬ್ಬೆರಳಿನ ಬಳಿ, ಬ್ರೇಕು ಎಡಗೈಯಲ್ಲಿ. ಬೆರಳು ಮರಗಟ್ಟಿದರೆ ಸವಾರ ಹೋಗಲೂ ಆರ, ನಿಲ್ಲಲೂ ಆರ. ಧನುರ್ಮಾಸದ ಬೆಳಗಿನಲ್ಲಿ ನಮ್ಮ ವಿದ್ಯಾರ್ಥಿನಿಲಯದ ಹುಡುಗರು ಕಂಕುಳಲ್ಲಿ ಕೈ ಹುದುಗಿಸಿಕೊಂಡು ಪ್ರಾರ್ಥನೆಗೆ ಬರುವುದನ್ನು ಕಂಡು ನಾವು ಅದನ್ನೇ ಚಳಿಯೆನ್ನುತ್ತೇವೆ. ಅಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿರುವ ದಿನ, ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ, ಬರಿ ಚರ್ಮಕ್ಕೆ ಅದು ಶೂನ್ಯಕ್ಕಿಂತ 35 ಡಿಗ್ರಿ ಕೆಳಗಿನ ಚಳಿಯಾಗಿ ತಾಗುತ್ತದೆ. ಅಂತಹ ಚಳಿಯಲ್ಲಿ ಬೆರಳಿನ ಮಾಂಸವೇ ಹೆಪ್ಪುಗಟ್ಟಿ ಸಾಯಬಹುದು. ಆದುದರಿಂದ ಹಿಡಿಯ ರಬ್ಬರಿನ ಒಳಗೆ ತೆಳುವಾದ ಶಾಖತಂತಿಯನ್ನು ಹುದುಗಿಸಿ, ಎಂಜಿನ್ನು ಹುಟ್ಟಿಸುವ ವಿದ್ಯುತ್ತಿನಿಂದ ಅದನ್ನು ಬಿಸಿಮಾಡುತ್ತಾರೆ. ಇದನ್ನು ಕೇವಲ ಸುಖಸಾಧನವೆಂದು ತಿಳಿಯಬಾರದು.

ನಮ್ಮ ವಿದ್ಯಾರ್ಥಿ ಕೊಂಡದ್ದು ಹಳೆಯ ವಾಹನ. ಎರಡು ಹಿಡಿಗಳೂ ಬೆಚ್ಚಗಾಗುತ್ತಿದ್ದವು, ಬಿಸಿಯಾಗುತ್ತಿರಲಿಲ್ಲ. ರಿಪೇರಿ ಅಂಗಡಿಯವನು ಮುಟ್ಟಿ ನೋಡಿ, "ಶಾಖತಂತಿಗಳು ಹಳತಾಗಿವೆ, ಎರಡನ್ನೂ ಬದಲಾಯಿಸಬೇಕು" ಎಂದನಂತೆ. ಬದಲಾಯಿಸಿದ್ದೂ ಆಯಿತು, ಹಣ ತೆತ್ತದ್ದೂ ಆಯಿತು. ಮಾರನೆಯ ವಾರ ಹೆಪ್ಪುಗಟ್ಟಿದ ಸರೋವರದ ಮೇಲೆ ನೆರೆಯವರೊಡನೆ ಹೋಗಿ ಬರುವಷ್ಟರಲ್ಲಿ ಅವನ ಹೆಬ್ಬೆರಳಿನ ತುದಿ ಬೆಳ್ಳಗಾಗಿ ಸ್ಪರ್ಶವನ್ನೇ ಕಳೆದುಕೊಂಡಿತ್ತು. "ಗುರುಗಳೇ, ಮನೆಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಟ್ಟಾಗ ಅತ್ತುಬಿಟ್ಟೆ, ಆಮೇಲೆ ಕುಳಿತು ತಮ್ಮ ಪಾಠವನ್ನು ನೆನೆದೆ" ಎಂದು ಬರೆದಿದ್ದಾನೆ.

ಅವನು ನೆನೆದ ಪಾಠ ಇದು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಾಗಲೇ ನಿಶ್ಚಯ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರೆಲ್ಲರೂ ಹೊಗೆ ಮತ್ತು ಬೆಂಕಿಯ ಉದಾಹರಣೆಯಿಂದ ಇದನ್ನು ಬಲ್ಲರು. ಅಂಗಡಿಯವನು ಮಾಡಿದ್ದು ಏನು? ಹಿಡಿ ಬಿಸಿಯಾಗಲಿಲ್ಲ, ಹಿಡಿಯಲ್ಲಿ ಶಾಖತಂತಿಯಿದೆ, ಆದುದರಿಂದ ದೋಷ ಶಾಖತಂತಿಯಲ್ಲಿದೆ ಎಂದು ಊಹಿಸಿದ್ದು. ಕಾರ್ಯ ತೋರುವ ಸ್ಥಳವನ್ನೇ ಕಾರಣದ ಸ್ಥಳವೆಂದು ಭ್ರಮಿಸಿದನು. ಕಣ್ಣು ಕೆಂಪಾದವರಿಗೆಲ್ಲ ಕಣ್ಣಿನ ರೋಗವೇ ಇರಬೇಕೆಂದಿಲ್ಲ.

ವ್ಯತಿರೇಕವನ್ನು ಅನ್ವಯಿಸಿದ್ದರೆ ಮೊದಲ ಪ್ರಶ್ನೆಯಲ್ಲೇ ದಾರಿ ತೋರುತ್ತಿತ್ತು. ಒಂದು ಹಿಡಿ ಚೆನ್ನಾಗಿದ್ದು ಇನ್ನೊಂದು ಮಾತ್ರ ಕುಂದಿದ್ದರೆ, ದೋಷವು ಆ ಒಂದಕ್ಕೇ ಸೇರಿದ ಭಾಗದಲ್ಲಿರಬೇಕು: ಅದರ ಶಾಖತಂತಿ, ಅಥವಾ ಹಿಡಿಯನ್ನು ಎಡಬಲಕ್ಕೆ ತಿರುಗಿಸಿ ತಿರುಗಿಸಿ ಒಳಗೇ ಸೀಳಿದ ತಂತಿ. ಎರಡೂ ಸಮನಾಗಿ ಕುಂದಿದ್ದರೆ, ಎರಡಕ್ಕೂ ಸಮಾನವಾದ ಭಾಗವನ್ನು ನೋಡಬೇಕು: ವಿದ್ಯುತ್ತಿನ ಮೂಲ, ಸ್ವಿಚ್ಚು, ಕೂಡುವ ಕೀಲುಗಳು, ವಾಹನದ ಲೋಹದ ಮೈಗೆ ಸೇರುವ ಮರುದಾರಿ. ಎರಡು ತಂತಿಗಳು ಒಂದೇ ದಿನ, ಒಂದೇ ಪ್ರಮಾಣದಲ್ಲಿ ಮುಪ್ಪಾಗುವುದು ಅವಳಿ ಮಕ್ಕಳಿಗೆ ಒಂದೇ ಗಳಿಗೆಯಲ್ಲಿ ಹಲ್ಲು ಬಿದ್ದಂತೆ. ಅಸಾಧ್ಯವಲ್ಲ, ಆದರೆ ಅದನ್ನೇ ಮೊದಲು ನಂಬಬಾರದು. ಎರಡು ತಂತಿಗಳನ್ನು ಸರಣಿಯಲ್ಲಿ ಜೋಡಿಸಿದ ವಾಹನಗಳಲ್ಲಿ ಮಾತ್ರ ಒಂದು ಕೆಟ್ಟರೆ ಅದು ಎರಡನ್ನೂ ಬಾಧಿಸುತ್ತದೆ ಎಂಬ ಅಪವಾದವನ್ನು ನೆನಪಿಡಬೇಕು. ಅವನ ವಾಹನದಲ್ಲಿದ್ದುದು ಸಮಾಂತರ ಜೋಡಣೆ.

ಇಲ್ಲಿಗೆ ಶಂಕೆ ಸಮಾನಭಾಗಕ್ಕೆ ಬಂತು. ಅವನು ಹಿಡಿಯ ಬಳಿಯ ಕೀಲನ್ನು ಬಿಚ್ಚಿ, ಎಂಜಿನ್ನು ಓಡಿಸಿ, ಮಲ್ಟಿಮೀಟರ್ ಇಟ್ಟು ನೋಡಿದನು. ಮೀಟರು ನಿಶ್ಚಿಂತವಾಗಿ 12 ವೋಲ್ಟ್ ತೋರಿಸಿತು. ಹಾಗಾದರೆ ಇಲ್ಲಿಯವರೆಗಿನ ದಾರಿ ಶುದ್ಧ ಎಂದು ಅವನು ತೀರ್ಮಾನಿಸಿದನು. ತಪ್ಪಿದ್ದು ಇಲ್ಲಿಯೇ, ನಮ್ಮ ಪಾಠದ ತಿರುಳು ಇರುವುದೂ ಇಲ್ಲಿಯೇ.

ಬೋರ್‌ವೆಲ್ಲಿನಿಂದ ತೋಟಕ್ಕೆ ಬರುವ ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿದೆ ಎಂದುಕೊಳ್ಳೋಣ. ಕೊನೆಯ ನಲ್ಲಿಯನ್ನು ಬಿಗಿಯಾಗಿ ಮುಚ್ಚಿ ಒತ್ತಡ ಅಳೆದರೆ ಪೂರ್ತಿ ಒತ್ತಡವೇ ಕಾಣುತ್ತದೆ, ಏಕೆಂದರೆ ನೀರು ಹರಿಯುತ್ತಿಲ್ಲ. ನಲ್ಲಿಯನ್ನು ತೆರೆದಾಗ ಬರುವುದು ದಾರದಂತಹ ಧಾರೆ. ಕಟ್ಟಿದ ಕೊಳವೆಯ ದೋಷ ಹರಿವಿದ್ದಾಗ ಮಾತ್ರ ಪ್ರಕಟವಾಗುತ್ತದೆ. ನಮ್ಮ ಹಳ್ಳಿಗಳ ಕಡೆಯ ಕಂಬದ ಮನೆಗಳಲ್ಲಿ ನಡುರಾತ್ರಿ ಪ್ರಖರವಾಗಿ ಉರಿಯುವ ದೀಪ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಕೆಂಪಗೆ ಮಂಕಾಗುವುದೂ ಇದೇ ಕಾರಣದಿಂದ. ಪಾವಗಡ ತಾಲ್ಲೂಕಿನ ತಿರುಮಣಿಯ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಮೂಲದಲ್ಲಿ ಅಷ್ಟಿದ್ದರೂ, ಮನೆಯ ಮುಂದಿನ ಕಂಬದ ಕೀಲು ಸಡಿಲವಾದರೆ ಆ ಮನೆಗೆ ಮಂಕು ದೀಪವೇ ಗತಿ.

ಮೀಟರು ತನ್ನೊಳಗೆ ಹರಿಯಗೊಡುವ ವಿದ್ಯುತ್ತು ಅತ್ಯಲ್ಪ. ಆದುದರಿಂದ ಅದು ಮುಚ್ಚಿದ ನಲ್ಲಿಯಂತೆ. ಕೊಳೆತ ಕೀಲಿನ ಆಚೆಗೂ ಅದು 12 ವೋಲ್ಟನ್ನೇ ತೋರಿಸುತ್ತದೆ. "12 ವೋಲ್ಟ್ ಕಾಣುತ್ತಿದೆ, ಆದುದರಿಂದ ದಾರಿ ಶುದ್ಧ" ಎಂಬ ಅನುಮಾನದಲ್ಲಿನ ಹೇತು, ಶುದ್ಧವಾದ ದಾರಿಯಲ್ಲೂ ಇದೆ, ಕೆಟ್ಟ ದಾರಿಯಲ್ಲೂ ಇದೆ. ಇಂತಹ ಹೇತುವನ್ನು ನಮ್ಮ ಶಾಸ್ತ್ರಕಾರರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ ಪಟ್ಟಿಗೆ ಸೇರಿಸಿದ್ದಾರೆ. ಅದನ್ನು ಬಾಯಿಪಾಠ ಮಾಡಿಸುವಾಗ ಹುಡುಗರು ಆಕಳಿಸುತ್ತಾರೆ. ಈ ಉದಾಹರಣೆಯನ್ನು ಹೇಳಿದ ದಿನ ಯಾರೂ ಆಕಳಿಸಲಿಲ್ಲ.

ಲೆಕ್ಕವನ್ನೂ ನೋಡೋಣ. ಪ್ರತಿ ಹಿಡಿಯ ರೋಧ 6 ಓಮ್ ಎಂದಿಟ್ಟುಕೊಂಡರೆ, ಸಮಾಂತರದಲ್ಲಿ ಎರಡೂ ಸೇರಿ 3 ಓಮ್. 12 ವೋಲ್ಟಿಗೆ 4 ಆಂಪಿಯರ್ ಹರಿದು, ಹಿಡಿಯೊಂದಕ್ಕೆ 24 ವ್ಯಾಟ್ ಶಾಖ ದೊರೆಯುತ್ತದೆ. ಈಗ ದಾರಿಯಲ್ಲಿನ ಒಂದು ಕೀಲು ಕಿಲುಬು ಹಿಡಿದು ಅಲ್ಲಿ ಕೇವಲ 1 ಓಮ್ ರೋಧ ಸೇರಿತೆನ್ನೋಣ. ಆಗ ಹರಿಯುವುದು 3 ಆಂಪಿಯರ್. ಕೀಲು 3 ವೋಲ್ಟನ್ನು ನುಂಗಿ, ಹಿಡಿಗಳಿಗೆ 9 ವೋಲ್ಟನ್ನು ಬಿಡುತ್ತದೆ. ವೋಲ್ಟ್ ಇಳಿದದ್ದು ಕಾಲು ಭಾಗ. ಶಾಖವು ವೋಲ್ಟಿನ ವರ್ಗವನ್ನು ಅನುಸರಿಸುವುದರಿಂದ ಹಿಡಿಯೊಂದರ ಪಾಲು 13.5 ವ್ಯಾಟಿಗೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಕೈಗೆ ತಲುಪಬೇಕಿದ್ದ ಬಿಸಿಯಲ್ಲಿ 9 ವ್ಯಾಟ್ ಯಾರಿಗೂ ಬೇಡದ ಆ ಕೀಲಿನಲ್ಲಿ ಸುಡುತ್ತಿರುತ್ತದೆ.

ಆದುದರಿಂದ ಪರೀಕ್ಷೆಯ ಕ್ರಮ ಹೀಗೆ. ಎಲ್ಲ ಕೀಲುಗಳನ್ನೂ ಜೋಡಿಸಿಯೇ ಇಟ್ಟು, ಹಿಡಿಗಳು ಬಿಸಿಯಾಗುತ್ತಿರುವಾಗಲೇ, ಮೀಟರಿನ ಎರಡು ಕಡ್ಡಿಗಳನ್ನು ಒಂದು ಕೀಲಿನ ಈಚೆ ಮತ್ತು ಆಚೆ ಮುಟ್ಟಿಸಬೇಕು. ಒಳ್ಳೆಯ ಕೀಲು ಶೂನ್ಯಕ್ಕೆ ಸಮೀಪವಾದುದನ್ನು ತೋರಿಸುತ್ತದೆ. ಕಳ್ಳ ತಾನು ನುಂಗಿದ ವೋಲ್ಟನ್ನು ಒಪ್ಪಿಸುತ್ತಾನೆ. ಎಂಜಿನ್ನು ಮಂದಗತಿಯಲ್ಲಿದ್ದರೆ ವಿದ್ಯುದುತ್ಪತ್ತಿಯೇ ಕಡಿಮೆ, ಆದುದರಿಂದ ತುಸು ವೇಗದಲ್ಲಿ ಅಳೆಯಬೇಕು. ಬಯಲಿನಲ್ಲಿಯೇ ಎಂಜಿನ್ನನ್ನು ಓಡಿಸಬೇಕು, ಮುಚ್ಚಿದ ಕೊಟ್ಟಿಗೆಯಲ್ಲಿ ಅದರ ಹೊಗೆ ಪ್ರಾಣಾಪಾಯ. ಸುತ್ತುವ ಪಟ್ಟೆಯ ಹಿಂದೆ ಯಾರೂ ನಿಲ್ಲಕೂಡದು. ಕೆಲವು ಹಳೆಯ ವಾಹನಗಳಲ್ಲಿ ಹಿಡಿಗಳಿಗೆ ಪರ್ಯಾಯ ವಿದ್ಯುತ್ತು ಹೋಗುತ್ತದೆ. ಮೀಟರನ್ನು ಏಕಮುಖ ವಿದ್ಯುತ್ತಿಗೆ ತಿರುಗಿಸಿಟ್ಟರೆ ಅದು ಸುಳ್ಳೇ ಶೂನ್ಯ ತೋರಿಸಿ ಮತ್ತೊಂದು ಹೇತ್ವಾಭಾಸವನ್ನು ಹುಟ್ಟಿಸುತ್ತದೆ.

ವಿದ್ಯುತ್ತು ಪೂರ್ತಿ ತಲುಪಿಯೂ ಕೈ ತಣ್ಣಗಿದ್ದರೆ, ಆಗ ಶಾಖದ ಸೋರಿಕೆಯನ್ನು ಹುಡುಕಬೇಕು. ಹಿಡಿಯ ನಡುವಿನ ಲೋಹದ ಕೊಳವೆ ಶಾಖವನ್ನು ಹೀರಿ ಗಾಳಿಗೆ ಒಪ್ಪಿಸುತ್ತದೆ. ಶಾಖತಂತಿಗೂ ಕೊಳವೆಗೂ ನಡುವೆ ಶಾಖ ದಾಟದ ಪದರವಿರಬೇಕು, ಹಿಡಿಯ ಮುಂದೆ ಗಾಳಿ ತಡೆಯುವ ಗವಸಿರಬೇಕು.

ನಮ್ಮ ವಿದ್ಯಾರ್ಥಿ ಎರಡನೆಯ ಬಾರಿ ಈ ಕ್ರಮದಲ್ಲಿ ಅಳೆದಾಗ ಸ್ವಿಚ್ಚಿನ ಹಿಂದಿನ ಕೀಲೊಂದು ಸುಮಾರು 3 ವೋಲ್ಟನ್ನು ಒಪ್ಪಿಸಿತು. ಬಿಚ್ಚಿ ನೋಡಿದರೆ ಅದರ ಪ್ಲಾಸ್ಟಿಕ್ಕು ಕಂದಿ ಕಪ್ಪಾಗಿ, ಒಳಗೆ ಹಸಿರು ಕಿಲುಬು ಕಟ್ಟಿತ್ತು. ಹೊಸ ಕೀಲಿನ ಬೆಲೆ ಅಲ್ಲಿನ ಒಂದು ಲೋಟ ಕಾಫಿಗಿಂತ ಕಡಿಮೆಯಂತೆ.

ಈ ವರ್ಷ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಬ್ಯಾಟರಿ, ಎರಡು ತುಂಡು ನೈಕ್ರೋಮ್ ತಂತಿ, ಬೇಕೆಂದೇ ಉಪ್ಪುನೀರಿನಲ್ಲಿ ನೆನೆಸಿ ಕೆಡಿಸಿದ ಒಂದು ಕೀಲು, ಇಷ್ಟರಿಂದ ಈ ಪ್ರಸಂಗವನ್ನು ಮಕ್ಕಳ ಮುಂದೆ ಮರುಸೃಷ್ಟಿಸಿದೆವು. ಕೀಲು ಬಿಚ್ಚಿ ಅಳೆದಾಗ ಇಡೀ ತರಗತಿ "ದಾರಿ ಸರಿಯಿದೆ" ಎಂದು ಕೂಗಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ಸಾರ್, ಜೋಡಿಸಿ ಅಳೆಯಿರಿ" ಎಂದಳು. ಜೋಡಿಸಿ ಅಳೆಯಲು ಹೋದಾಗ ಶಾಲೆಯ ಮೂರು ಮೀಟರುಗಳಲ್ಲಿ ಎರಡು ಕೆಟ್ಟಿರುವುದೂ ತಿಳಿಯಿತು. ಉಳಿದ ಒಂದನ್ನು ಅರವತ್ತು ಮಕ್ಕಳು ಸರದಿಯಲ್ಲಿ ಹಿಡಿದು ನೋಡಿದರು. ಹಾಗಾಗಿ ಆ ಪಾಠ ಮೂರು ದಿನ ನಡೆಯಿತು.