ಮಿಕ್ಸಿ ಸದ್ದಿನಡಿ ಕೇಳುವ ಗಂಟೆ

ಪ್ರಶ್ನೆ: ನನಗೆ ಮೂವತ್ತೆಂಟು ವರ್ಷ. ಹಿರಿಯೂರು ತಾಲ್ಲೂಕಿನವಳು, ಹುಟ್ಟಿದ್ದು ಕಥೋಲಿಕ ಮನೆಯಲ್ಲಿ. ಹನ್ನೊಂದು ವರ್ಷದ ಹಿಂದೆ ಹಿಂದೂ ಹುಡುಗನನ್ನು ಪ್ರೀತಿಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆ. ಅಪ್ಪ ಒಂದು ವರ್ಷ ಮಾತು ಬಿಟ್ಟಿದ್ದರು. ಮಗಳು ಹುಟ್ಟಿದ ಮೇಲೆ ಸರಿಹೋದರು. ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಅಪ್ಪನನ್ನು ನನ್ನ ಸ್ಕೂಟರಿನಲ್ಲೇ ಕರೆದುಕೊಂಡು ಹೋಗಿ ತೋರಿಸಿದ್ದೆ. ಮದುವೆಯ ಮೇಲೂ ಆಗಾಗ ಪೂಜೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ನಾನೊಬ್ಬಳೇ ಕೂತಿರುತ್ತಿದ್ದೆ. 2023ರಲ್ಲಿ ಅಪ್ಪ ತೀರಿಕೊಂಡರು. ಗುಂಡಿಗೆ ಮಣ್ಣು ಹಾಕಲು ಬಗ್ಗಿದಾಗ ಚರ್ಚಿನ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ "ಬಿಟ್ಟುಹೋದೋರಿಗೆ ಇಲ್ಲೇನು ಕೆಲಸ" ಎಂದರು. ಫಾದರ್ ಪಕ್ಕದಲ್ಲೇ ಇದ್ದರು, ಏನೂ ಹೇಳಲಿಲ್ಲ. ಮುಷ್ಟಿಯಲ್ಲಿದ್ದ ಮಣ್ಣನ್ನು ಹಾಗೇ ಹಿಡಿದುಕೊಂಡು ಹೊರಗೆ ಬಂದುಬಿಟ್ಟೆ. ಅವತ್ತಿನಿಂದ ಆ ಕಡೆ ಹೋಗಿಲ್ಲ. ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಕೇಳಿಸಿದರೆ ಮಿಕ್ಸಿ ಹಾಕುತ್ತೇನೆ. ತಮ್ಮ "ಕ್ಷಮಿಸಿಬಿಡು, ಪ್ರಾರ್ಥನೆ ಮಾಡು" ಎನ್ನುತ್ತಾನೆ. ಅಕ್ಕ ಬೇರೆ ಪ್ರಾರ್ಥನಾ ಸಭೆಗೆ ಹೋಗುತ್ತಾಳೆ, "ಅಲ್ಲಿಗೇ ಬಾ" ಎನ್ನುತ್ತಾಳೆ. ಅತ್ತೆ "ಒಳ್ಳೇದೇ ಆಯ್ತು ಬಿಡು" ಎನ್ನುತ್ತಾರೆ. ನವೆಂಬರ್ 2ಕ್ಕೆ ಅಪ್ಪನ ಸಮಾಧಿಗೆ ಕರೆದುಕೊಂಡು ಹೋಗು ಎಂದು ಅಮ್ಮ ಕೇಳುತ್ತಿದ್ದಾಳೆ. ಅವಳಿಗೆ ಮಂಡಿ ನೋವು, ಒಬ್ಬಳೇ ಹೋಗಲಾರಳು. ನಾನು ಇನ್ನೂ ಕಥೋಲಿಕಳೇ? ದೇವರೂ ನನ್ನನ್ನು ಬಿಟ್ಟನೇ? "ನಾವು ಯಾರಮ್ಮಾ?" ಎಂದು ಮಗಳು ಕೇಳಿದರೆ ಏನು ಹೇಳಲಿ?

– ಹೆಸರು ಬೇಡ

ಪ್ರಿಯ ಸಹೋದರಿ,

ನೀವು ಕೇಳಿರುವುದು ಮೂರು ಪ್ರಶ್ನೆ. ನಾನು ಮತ್ತೆ ಮತ್ತೆ ಓದಿದ್ದು ಮಾತ್ರ ಮುಷ್ಟಿಯಲ್ಲಿ ಮಣ್ಣು ಹಿಡಿದು ಹೊರಬಂದ ಆ ಸಾಲನ್ನು. ಅಪ್ಪನಿಗೆ ಕೊನೆಯದಾಗಿ ಮಾಡಬೇಕಿದ್ದ ಒಂದು ಸಣ್ಣ ಕೆಲಸ ನಿಮ್ಮ ಕೈಯಲ್ಲೇ ಉಳಿದುಹೋಯಿತು. ಆ ಹೊತ್ತಿನಲ್ಲಿ ಅಳಬೇಕಿದ್ದವರು ನೀವು. ಅಳುವುದಕ್ಕೆ ಮೊದಲೇ ಅವಮಾನ ಬಂದು ನಿಂತಿತು. ಅವಮಾನವಾದಾಗ ಮನುಷ್ಯರಿಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೀರಿ, ಅದರ ಕೆಳಗೆ ಅಪ್ಪನಿಗಾಗಿ ಅಳದೆ ಉಳಿದ ಅಳು ಹಾಗೇ ಇದೆ. ನಿಮಗೆ ನೋವಾದದ್ದು ಸಹಜ. ಆ ಮಾತು ತಪ್ಪು. ಅದನ್ನು ಕೇಳಿಯೂ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು. ಇದನ್ನು ಯಾರಾದರೂ ನಿಮಗೆ ನೇರವಾಗಿ ಹೇಳಬೇಕಿತ್ತು. ಯಾರೂ ಹೇಳಿದಂತಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಮನೆಯವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದ್ದಾರೆ. ಆದರೂ "ಅವತ್ತು ಏನಾಯಿತು, ಹೇಳು" ಎಂದು ತಮ್ಮನೂ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಗಾಯ ಎಲ್ಲಿದೆ ಎಂದು ನೋಡದೆ ಕ್ಷಮಿಸು ಎಂದರೆ, ಗಾಯವೇ ಇಲ್ಲ ಎಂದ ಹಾಗೆ ಕೇಳುತ್ತದೆ. ಕ್ಷಮೆ ಬರಬಹುದು. ಅದಕ್ಕೆ ಅದರದೇ ಕಾಲ ಬೇಕು. ಯಾರೋ ಅವಸರ ಮಾಡಿದರೆಂದು ಅದು ಬರುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಹೌದು, ನೀವು ಇನ್ನೂ ಕಥೋಲಿಕರೇ. ಜ್ಞಾನಸ್ನಾನವನ್ನು ಅಳಿಸುವ ಅಧಿಕಾರ ಧರ್ಮಸಭೆಯಲ್ಲಿ ಯಾರಿಗೂ ಇಲ್ಲ, ಪೋಪ್ ಅವರಿಗೂ ಇಲ್ಲ. ಹಾಗಿರುವಾಗ ಊರಿನ ಹಿರಿಯರೊಬ್ಬರಿಗೆ ಎಲ್ಲಿಂದ ಬರಬೇಕು? ಚರ್ಚಿನ ಹೊರಗೆ ಮದುವೆಯಾದ ಮಾತ್ರಕ್ಕೆ ನೀವು ಬಹಿಷ್ಕೃತರಾಗಿಲ್ಲ. ಮದುವೆ ಸಭೆಯ ನಿಯಮದಂತೆ ನಡೆಯದ ಕಾರಣ ಪರಮಪ್ರಸಾದ ಸ್ವೀಕರಿಸುವಂತಿಲ್ಲ, ನಿಜ. ಆದರೆ ಬಲಿಪೂಜೆಯಲ್ಲಿ ಕೂರಲು, ಜಪಸರ ಹಿಡಿಯಲು, ಅಪ್ಪನ ಗುಂಡಿಗೆ ಮಣ್ಣು ಹಾಕಲು ನಿಮಗೆ ಯಾವ ಅಡ್ಡಿಯೂ ಇರಲಿಲ್ಲ, ಈಗಲೂ ಇಲ್ಲ. ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂತಿರುತ್ತಿದ್ದಿರಲ್ಲ, ಅದೂ ಪೂಜೆಯಲ್ಲಿ ಪಾಲುಗೊಂಡದ್ದೇ.

ದೇವರೂ ಬಿಟ್ಟನೇ ಎಂಬ ಎರಡನೆಯ ಪ್ರಶ್ನೆಗೆ ನಿಮ್ಮ ಮಿಕ್ಸಿಯೇ ಉತ್ತರ ಹೇಳುತ್ತಿದೆ ಎಂದು ನನಗನಿಸುತ್ತದೆ. ಬೇಡವಾದದ್ದರ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ನಿಮಗೆ ಗಂಟೆ ಕೇಳಿಸುತ್ತದೆ, ಕೇಳಿಸಿದರೆ ನೋವಾಗುತ್ತದೆ, ಅದಕ್ಕೇ ಅದನ್ನು ಮುಚ್ಚುತ್ತೀರಿ. ನಂಬಿಕೆ ಸತ್ತುಹೋದವರು ಹೀಗೆ ಮಾಡುವುದಿಲ್ಲ. 'ನಾನು ನಂಬುವುದಿಲ್ಲ' ಎನ್ನುವುದೇ ಬೇರೆ, 'ನನ್ನನ್ನು ನೋಯಿಸಿದರು' ಎನ್ನುವುದೇ ಬೇರೆ. ಬಹಳ ದಿನ ಒಟ್ಟಿಗಿದ್ದರೆ ಎರಡೂ ಒಂದೇ ಎಂಬಂತೆ ಕಾಣತೊಡಗುತ್ತವೆ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಎರಡನೆಯದು ಮಾತ್ರ. ನಾಳೆ ನೀವೇ ಯೋಚಿಸಿ, ಇಲ್ಲ, ನನಗೆ ನಂಬಿಕೆಯೇ ಉಳಿದಿಲ್ಲ ಎಂದರೆ ಅದನ್ನೂ ಗೌರವದಿಂದ ಕೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಈ ನೋವಿಗೆ ಬೇರೆಯೇ ಒಂದು ತೂಕವಿದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಒಂದು ಧರ್ಮಕೇಂದ್ರದಲ್ಲಿ ಮನಸ್ಸು ಮುರಿದರೆ ಮುಂದಿನ ಭಾನುವಾರ ಇನ್ನೊಂದಕ್ಕೆ ಹೋಗಿ ಕೂರಬಹುದು. ಚಿತ್ರದುರ್ಗ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಇರುವ ಕೆಲವೇ ಮನೆಗಳವರಿಗೆ ಒಬ್ಬರು ಇನ್ನೊಬ್ಬರ ಮದುವೆ, ಸಾವು, ಸಾಲ ಎಲ್ಲ ಗೊತ್ತು. ಇಂಥ ಕಡೆ ಒಬ್ಬರು ಆಡಿದ ಮಾತು ಇಡೀ ಧರ್ಮಸಭೆಯ ಮಾತಿನಂತೆ ಕೇಳಿಸುತ್ತದೆ. ನಿಮ್ಮನ್ನು ಹೊರಗೆ ಹಾಕಿದ್ದು ಒಬ್ಬ ಮನುಷ್ಯ, ಒಂದು ದಿನ. ನಿಮಗೆ ಅನಿಸಿದ್ದು ಯೇಸುವೇ ಹೊರಗೆ ಹಾಕಿದಂತೆ.

ಇನ್ನೊಂದನ್ನೂ ಹೇಳಬೇಕು, ಆ ಹಿರಿಯರ ಮಾತನ್ನು ಸಮರ್ಥಿಸಲು ಅಲ್ಲ. 2021ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಅಂದಿನ ಶಾಸಕರು ವಿಧಾನಸಭೆಯಲ್ಲಿ ಮತಾಂತರದ ಮಾತೆತ್ತಿ ತಮ್ಮ ತಾಯಿಯ ಉದಾಹರಣೆಯನ್ನೇ ಕೊಟ್ಟರು. ತಾಲ್ಲೂಕಿನಲ್ಲಿ ಸಮೀಕ್ಷೆ ನಡೆಯಿತು. ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ತಹಸೀಲ್ದಾರರ ವರದಿ ಹೇಳಿತು. ಮರುವರ್ಷ ಮತಾಂತರ ತಡೆ ಕಾಯ್ದೆ ಬಂತು. ಆ ದಿನಗಳಲ್ಲಿ ಈ ಭಾಗದ ಸಣ್ಣ ಸಣ್ಣ ಕ್ರೈಸ್ತ ಸಮುದಾಯಗಳು ಬಾಗಿಲು ಅರ್ಧ ಹಾಕಿಕೊಂಡೇ ಬದುಕಿದವು. ಹೆದರಿದವರು ಒಳಗಿರುವವರು ಯಾರು, ಹೊರಗಿರುವವರು ಯಾರು ಎಂದು ಎಣಿಸತೊಡಗುತ್ತಾರೆ. ಬೇರೆ ಧರ್ಮದವರನ್ನು ಮದುವೆಯಾದ ನಿಮ್ಮಂಥವರು ಆ ಗೆರೆಯ ಮೇಲೆ ಸಿಕ್ಕಿಕೊಳ್ಳುತ್ತೀರಿ. ಅತ್ತೆಯ ಕಡೆಯವರಿಗೂ ಆ ಹೆದರಿಕೆಯೇ ಇರಬಹುದು, ನೀವು ಚರ್ಚಿನ ಕಡೆ ತಿರುಗಿದರೆ ಮಗನನ್ನು ಮತಾಂತರ ಮಾಡಿಬಿಡುತ್ತಾರೋ ಎಂದು.

ಆ ಹೆದರಿಕೆಗೆ ಆಧಾರವಿಲ್ಲ. ಧರ್ಮಸಭೆಯ ಕಾನೂನಿನಲ್ಲಿ ನಿಮ್ಮಂಥ ಮದುವೆಯನ್ನು ಸರಿಪಡಿಸಿಕೊಳ್ಳುವ ದಾರಿ ಇದೆ, ಮತ್ತು ಅದಕ್ಕಾಗಿ ಯಜಮಾನರು ಜ್ಞಾನಸ್ನಾನ ಪಡೆಯಬೇಕಿಲ್ಲ. ಧರ್ಮಾಧ್ಯಕ್ಷರ ಅನುಮತಿ ಬೇಕು. ನಂಬಿಕೆಯನ್ನು ಉಳಿಸಿಕೊಳ್ಳುತ್ತೇನೆ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಬೆಳೆಸಲು ನನ್ನಿಂದಾದಷ್ಟು ಮಾಡುತ್ತೇನೆ ಎಂದು ಮಾತು ಕೊಡುವವರು ನೀವು. ಯಜಮಾನರಿಗೆ ಆ ವಿಷಯ ತಿಳಿಸಿರಬೇಕು, ಅಷ್ಟೇ. ಮತ್ತೆ ಚರ್ಚಿನಲ್ಲಿ ನಿಂತು ಮದುವೆಯ ವಿಧಿ ಮಾಡಿಸಿಕೊಳ್ಳಲು ಅವರಿಗೆ ಇಷ್ಟವಿಲ್ಲದಿದ್ದರೂ, ಆಗಲೇ ಆಗಿರುವ ಮದುವೆಯನ್ನೇ ಬುಡದಿಂದ ಸಿಂಧು ಎಂದು ಮಾನ್ಯ ಮಾಡುವ ಕ್ರಮವೂ ಇದೆ. ವರ್ಷಗಟ್ಟಲೆ ಕೊನೆಯ ಬೆಂಚಿನಲ್ಲಿ ಕೂತ ಹೆಣ್ಣುಮಗಳಿಗೆ ಇದನ್ನು ಒಬ್ಬರೂ ಹೇಳಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರವಾಯಿತು. ಎಷ್ಟೋ ಮಂದಿ ದೂರವಾಗುವುದು ನಿಯಮದಿಂದಲ್ಲ, ನಿಯಮವನ್ನು ಅರ್ಧ ಮಾತ್ರ ಹೇಳುವವರಿಂದ.

ಇದನ್ನು ಓದುತ್ತಿರುವ, ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವವರಿಗೂ ಎರಡು ಮಾತು. ನಿಮ್ಮ ಧರ್ಮಕೇಂದ್ರದಲ್ಲೂ ಹೀಗೆ ಮೆಲ್ಲಗೆ ಕಾಣೆಯಾದವರಿದ್ದಾರೆ. ಜಾತಿಯ ಕಾರಣಕ್ಕೆ ನೊಂದವರು, ವಂತಿಗೆ ಕಟ್ಟಲಾಗದೆ ನಾಚಿಕೊಂಡವರು, ಒಂದು ಗಡಸು ಮಾತಿಗೆ ಸಿಕ್ಕವರು. ಸಭೆಯೊಳಗೆ ಜಾತಿಭೇದ ಇದೆ ಎಂದು ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ, ಆದ್ದರಿಂದ ನಮ್ಮಲ್ಲಿ ಅಂಥದ್ದೇನೂ ಇಲ್ಲ ಎನ್ನುವುದು ಬೇಡ. ಹೊಸದುರ್ಗದಲ್ಲಿ ಆ ಗದ್ದಲ ನಡೆದ ತಿಂಗಳುಗಳಲ್ಲೇ, 2021ರ ಅಕ್ಟೋಬರಿನಲ್ಲಿ, ಪೋಪ್ ಫ್ರಾನ್ಸಿಸ್ ಸಿನೋಡ್ ಎಂಬ ಸಮಾಲೋಚನೆ ಆರಂಭಿಸಿ, ದೂರ ಹೋದವರ ಮಾತನ್ನೂ ಕೇಳಿರಿ ಎಂದು ಪ್ರತಿ ಧರ್ಮಕ್ಷೇತ್ರಕ್ಕೂ ಹೇಳಿದ್ದರು. ಪ್ರೇಷಿತ ತೋಮರನ್ನು ನೆನೆಸಿಕೊಳ್ಳಿ. ಪುನರುತ್ಥಾನದ ದಿನ ಉಳಿದವರೆಲ್ಲ ಸೇರಿದ್ದಾಗ ಅವರು ಅಲ್ಲಿರಲಿಲ್ಲ. ಹೇಳಿದರೆ ನಂಬಲಿಲ್ಲ. ಆದರೂ ಎಂಟು ದಿನದ ಮೇಲೆ ಅದೇ ಮನೆಯಲ್ಲಿ ಅವರ ನಡುವೆಯೇ ಇದ್ದರು. ಯೇಸು ಬಂದು ಗಾಯ ತೋರಿಸಿದ್ದನ್ನು ನಾವೆಲ್ಲ ಹೇಳುತ್ತೇವೆ. ಆ ಎಂಟು ದಿನ ಗೆಳೆಯರು ಅವರನ್ನು ಹೊರಗೆ ಹಾಕಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ನೀವು ಮಾಡಬೇಕಾದದ್ದೂ ಅಷ್ಟೇ. ಬೀದಿಯಲ್ಲಿ ಸಿಕ್ಕಾಗ "ಯಾಕೆ ಚರ್ಚಿಗೆ ಬರ್ತಿಲ್ಲ?" ಎನ್ನಬೇಡಿ. "ಹೇಗಿದ್ದೀಯಮ್ಮ, ಮಗಳು ಎಷ್ಟನೇ ಕ್ಲಾಸು?" ಎನ್ನಿ. ಅವರೇ ಮಾತು ತೆಗೆದರೆ ಕೇಳಿಸಿಕೊಳ್ಳಿ, ಚರ್ಚಿನ ಪರವಾಗಿ ವಾದಕ್ಕೆ ಇಳಿಯಬೇಡಿ.

ಸಹೋದರಿ, ಈಗ ನಿಮಗೆ.

ಚರ್ಚಿಗೆ ಹೋಗುವ ಯೋಚನೆಯನ್ನು ಸದ್ಯ ಪಕ್ಕಕ್ಕಿಡಿ. ಮೊದಲು ಸಮಾಧಿಗೆ ಹೋಗಿ. ನವೆಂಬರ್ 2, ಸಕಲ ಆತ್ಮಗಳ ದಿನ, ಪ್ರಾರ್ಥನೆಯ ಹೊತ್ತಿಗೆ ಜನ ಸೇರುತ್ತಾರೆ. ಆ ಗುಂಪನ್ನು ಎದುರಿಸುವ ಶಕ್ತಿ ಇಲ್ಲವೆನಿಸಿದರೆ ಬೆಳಿಗ್ಗೆ ಬೇಗ ಹೋಗಿ, ಅಥವಾ ಹಿಂದಿನ ದಿನವೇ ಹೋಗಿ. ಯಾರಾದರೂ ಏನಾದರೂ ಅಂದರೆ "ಅಪ್ಪನ್ನ ನೋಡೋಕೆ ಬಂದಿದ್ದೀನಿ" ಎಂದಷ್ಟೇ ಹೇಳಿ. ಅದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೂ ಕೊಡಬೇಕಿಲ್ಲ. ಯಜಮಾನರು ಜೊತೆಗಿದ್ದರೆ ಒಳ್ಳೆಯದು.

ಆಮೇಲೆ, ಮನಸ್ಸು ಬಂದಾಗ, ಒಬ್ಬ ಗುರುಗಳ ಹತ್ತಿರ ಮಾತಾಡಿ. ಅವತ್ತು ಸುಮ್ಮನಿದ್ದವರ ಹತ್ತಿರವೇ ಹೋಗಬೇಕೆಂದಿಲ್ಲ, ಚಿತ್ರದುರ್ಗದಲ್ಲೋ ಬೇರೆ ಊರಿನಲ್ಲೋ ಇರುವ ಇನ್ನೊಬ್ಬರಾಗಬಹುದು. ಒಬ್ಬ ಸಿಸ್ಟರ್ ಜೊತೆ ಮಾತು ಶುರು ಮಾಡುವುದು ಸುಲಭವಾದರೆ ಹಾಗೇ ಮಾಡಿ. ಸಮಾಧಿಯ ಹತ್ತಿರ ನಡೆದದ್ದನ್ನು ಮೊದಲು ಹೇಳಿ, ಮದುವೆಯ ವಿಷಯ ಆಮೇಲೆ ಕೇಳಿ. ಬಾಯಲ್ಲಿ ಹೇಳಲು ಗಂಟಲು ಕಟ್ಟಿದರೆ ನನಗೆ ಬರೆದ ಹಾಗೆ ಒಂದು ಹಾಳೆಯಲ್ಲಿ ಬರೆದುಕೊಡಿ. ಅಲ್ಲೂ ಬಾಗಿಲು ಮುಚ್ಚಿದ್ದರೆ ಧರ್ಮಾಧ್ಯಕ್ಷರಿಗೆ ಪತ್ರ ಬರೆಯಿರಿ. 1988ರಿಂದ ನಮ್ಮ ಜಿಲ್ಲೆ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಹೊಳಲ್ಕೆರೆ ದಾಟಿ ಅಷ್ಟು ದೂರ ಬಸ್ಸಿನಲ್ಲಿ ಹೋಗಬೇಕಿಲ್ಲ, ಅಂಚೆಯಲ್ಲಿ ಕಳಿಸಿದರೆ ಸಾಕು. ಅಕ್ಕನ ಸಭೆಗೆ ಹೋಗುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಸಿಟ್ಟಿನಲ್ಲಿದ್ದಾಗ ಮಾತ್ರ ಅದನ್ನು ತೀರ್ಮಾನಿಸಬೇಡಿ.

ರಾತ್ರಿ ನಿದ್ದೆ ಬಾರದಿರುವುದು, ಅಪ್ಪನ ನೆನಪಾದರೆ ಎದೆ ಹಿಡಿದುಕೊಂಡಂತಾಗುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದ್ದರೆ ಅದನ್ನು ನಂಬಿಕೆಯ ಕೊರತೆ ಎಂದುಕೊಳ್ಳಬೇಡಿ. 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವೈದ್ಯರನ್ನೂ ಕಾಣಬಹುದು.

ಮಗಳಿಗೆ ಇವತ್ತೇ ಪೂರ್ತಿ ಉತ್ತರ ಕೊಡಬೇಕಿಲ್ಲ. ಅವಳ ತಾತ ಯಾರು, ಹೇಗೆ ಪ್ರಾರ್ಥಿಸುತ್ತಿದ್ದರು, ಒಂದು ವರ್ಷ ಮಾತು ಬಿಟ್ಟವರು ಅವಳ ಮುಖ ನೋಡಿ ಹೇಗೆ ಮೆತ್ತಗಾದರು, 89 ವರ್ಷದ ಮೇಲೆ ಕೋಡಿ ಬಿದ್ದ ನೀರನ್ನು ನೋಡಿ ಅವತ್ತು ಏನೆಂದರು, ಇದನ್ನೆಲ್ಲ ಹೇಳಿ. ಅವಳನ್ನೂ ಸಮಾಧಿಗೆ ಕರೆದುಕೊಂಡು ಹೋಗಿ. ಹೂವು ಅವಳ ಕೈಯಿಂದಲೇ ಇಡಿಸಿ. ನೀವು ಒಂದು ಹಿಡಿ ಮಣ್ಣು ತೆಗೆದುಕೊಂಡು, ಅವತ್ತು ಹಾಕಲಾಗದೆ ಉಳಿದದ್ದನ್ನು ಅಪ್ಪನ ಮೇಲೆ ಹಾಕಿ. ಅಳು ಬಂದರೆ ತಡೆಯಬೇಡಿ, ಮಗಳು ನೋಡಿದರೂ ಪರವಾಗಿಲ್ಲ. ಅಮ್ಮನಿಗೆ ಮಂಡಿ ನೋವು ಎಂದಿದ್ದೀರಿ, ನೆಲದ ಮೇಲೆ ಕೂರಲಾರರು. ಆಟೋ ಹತ್ತುವಾಗ ಮನೆಯಿಂದ ಒಂದು ಸ್ಟೂಲ್ ಹಾಕಿಕೊಳ್ಳಿ.